ನಿಮ್ಮವರು ಅಂದರೆ ಯಾರು?

"ಸುಗುಣಾ ಕಲ್ಲಾದ್ರು," ಎಂದು ಪುಂಡರೀಕಾಕ್ಷ ದಾಳ ಎತ್ತಿಕೊಂಡ.

ಸುಗುಣಾ ಅಂದರೆ ನಾನೇ. ಅಜ್ಜಿ ತೀರಿಕೊಂಡ ಮೇಲೆ ಕಲ್ಲಾಗುವುದು ನನಗೆ ಹೊಸದಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಗೊತ್ತಾಗುತ್ತಿರಲಿಲ್ಲ. ಲೋಕಲ್ ರೈಲುಗಳು ಕಿಟಕಿಯಾಚೆ ಹತ್ತಿಯ ಮೇಲೆ ಹೋದಂತೆ ಸದ್ದಿಲ್ಲದೆ ಹೋಗುತ್ತಿದ್ದವು.

ಅದು ಎಂಬತ್ತಾರನೆಯ ಇಸವಿ. ಡೊಂಬಿವಲಿಯ ನಮ್ಮ ಚಾಳಿನಲ್ಲಿ, ಪಕ್ಕದ ಮನೆಯ ಲೋಲಾಕ್ಷಿಯ ಖೋಲಿಯಲ್ಲಿ ಭಾನುವಾರ ಮಧ್ಯಾಹ್ನ ಈ ಆಟ. ಅವಳ ಅಣ್ಣ ಪುಂಡರೀಕಾಕ್ಷ ಫುಟ್‌ಪಾತಿನಿಂದ ಈ ಆಟದ ನಿಯಮಗಳಿರುವ, ರಟ್ಟಿಲ್ಲದ ಇಂಗ್ಲಿಷ್ ಪುಸ್ತಕವೊಂದನ್ನು ತಂದಿದ್ದ. ಕಥೆ ಹೇಳುವವನು ಅವನು. ಗುಹೆಗೆ ನುಗ್ಗುವ ವೀರರು ನಾವು. ಅಜ್ಜಿಯ ಕಥೆಗಳ ಹಾಗೇ, ಆದರೆ ಮುಂದೇನು ಎಂಬುದನ್ನು ನಾವೇ ಹೇಳಬೇಕು, ದಾಳ ಒಪ್ಪಬೇಕು. ರಾಕ್ಷಸ ಬರುವಾಗ ಅವನೂ ಅಜ್ಜಿಯ ಹಾಗೇ ದನಿ ತಗ್ಗಿಸುತ್ತಿದ್ದ. ಅದಕ್ಕೇ ಹೋಗುತ್ತಿದ್ದೆ.

"ಇನ್ನು ಇವಳನ್ನು ಎಬ್ಬಿಸುವುದು ಹೇಗೆ?" ಲೋಲಾಕ್ಷಿ ಕೇಳಿದಳು.

ಅವನು ಓದಿದ: "ಕಲ್ಲಾದವರನ್ನು ಅವರವರು ಮಾತ್ರ ಎಬ್ಬಿಸಬಹುದು. ಅಷ್ಟೇ ಉಂಟು."

"ಅವರವರು ಅಂದ್ರ ನಮ್ಮ ಟೋಳಿ, ಆಡೋ ನಾವೆಲ್ಲ," ಎಂದ ಮೇಲಿನ ಮಾಳಿಗೆಯ ಜಟ್ಟೆಪ್ಪ. "ಸರೀರಿ, ನಾ ಎಬ್ಬಸ್ತೀನಿ."

"ಆಟದಲ್ಲಿ ಅವಳ ಕತ್ತಿ ಕದ್ದವರು ನೀವು ಮಾರಾಯ್ರೆ! ಅವರವರು ಅಂದ್ರೆ ರಕ್ತಸಂಬಂಧ," ಎಂದಳು ಲೋಲಾಕ್ಷಿ.

"ಎಲ್ಲೀದು? ಹೆಣ್ಮಕ್ಕಳು 'ನಮ್ಮವರು' ಅಂತ ಯಾರಿಗಿ ಅಂತಾರ? ಗಂಡಗ! ನಮ್ಮವ್ವ ಇವತ್ತಿಗೂ ಅಪ್ಪನ ಹೆಸರು ಹೇಳಿಲ್ಲ. 'ನಮ್ಮವರು ಬಂದ್ರು' ಅಂತಾಳ."

"ಹಾಗಾದ್ರೆ ಠಾಕುರ್ಲಿಯಿಂದ ಕರೆಸ್ಬೇಕು," ಎಂದು ಲೋಲಾಕ್ಷಿ ನಕ್ಕಳು. ಬೇರೆ ಯಾರೂ ನಗಲಿಲ್ಲ.

ನನ್ನನ್ನು ನೋಡಿ ಹೋಗಿದ್ದ ಠಾಕುರ್ಲಿಯ ಗಂಡಿನ ಮನೆಗೆ ಅಪ್ಪ ಅಂದೇ ಉತ್ತರ ಹೇಳಬೇಕಿತ್ತು. ಬೆಳಗ್ಗೆಯಿಂದ ಕೇಳುತ್ತಿದ್ದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಒಪ್ಪಿಗೆ ಎಂದೇ ಅರ್ಥ. ಇಲ್ಲೂ ಸುಮ್ಮನೆ ಕೂತಿದ್ದೆ. ಮಡಚಿದ ಕಾಲಿಗೆ ಯಾವಾಗಲೋ ಜೋಮು ಹಿಡಿದಿತ್ತು.

ಪ್ರತಿ ಸಲ ದಾಳ ಹಾಕುವ ಮುಂಚೆ ಅಪ್ಪಣೆ ಬೇಡುವವನಂತೆ ನನ್ನತ್ತ ನೋಡುವ ಪುಂಡರೀಕಾಕ್ಷ ಈಗ ಕಣ್ಣೆತ್ತಲಿಲ್ಲ. ದಾಳವನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದ.

"ನಿಯಮ ಸ್ಪಷ್ಟ ಇಲ್ಲದಲ್ಲಿ ತೀರ್ಪು ನಿಮ್ಮದಲ್ಲೇನ್ರಿ?" ಜಟ್ಟೆಪ್ಪ ಬಿಡಲಿಲ್ಲ. "ಹೇಳ್ರಿ ಮತ್ತ."

"ಇದಕ್ಕೆ ನಾನು ಹೇಳುವ ಹಾಗಿಲ್ಲ."

"ಯಾಕ?"

"ನನಗೆ ಪಕ್ಷಪಾತ ಉಂಟು."

ಲೋಲಾಕ್ಷಿಯ ಕೈಯ ಚಕ್ಕುಲಿ ಅರ್ಧದಲ್ಲೇ ನಿಂತಿತು. ಅವನ ಕಿವಿ ಕೆಂಪಾಗಿತ್ತು.

"ಕಲ್ಲನ್ನೇ ಕೇಳುವ," ಎಂದ, ಅಜ್ಜಿಯ ಹಾಗೆ ದನಿ ತಗ್ಗಿಸಿ. "ಸುಗುಣಾ, ನಿಮ್ಮವರು ಯಾರು?"

ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಬಂದು ನೀರು ಚಿಮುಕಿಸುತ್ತಿದ್ದ. ಕಲ್ಲನ್ನು ಯಾರೂ ಕೇಳಿದ್ದಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಚಪ್ಪಲಿ. "ನಾ ಠಾಕುರ್ಲಿಗಿ ಹೊಂಟೀನವ್ವಾ. ಹೂಂ ಅಂತ ಹೇಳ್ಲೇನು?"

"ಬ್ಯಾಡಪ್ಪಾ."

ನನ್ನದೇ ದನಿ. ಎಲ್ಲಿಂದ ಬಂತೋ.

"ಯಾಕವ್ವಾ?"

"ನಮ್ಮವರು ಇಲ್ಲೇ ಅದಾರ."

ದಾಳ ಪುಂಡರೀಕಾಕ್ಷನ ಕೈಯಿಂದ ಜಾರಿ ಉರುಳಿತು. ಎಷ್ಟು ಬಿತ್ತೆಂದು ಯಾರೂ ನೋಡಲಿಲ್ಲ.

ಅಪ್ಪ ಅವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತರು.

ನೀರು ತರಲೆಂದು ಏಳಹೋದೆ. ಆಗಲಿಲ್ಲ. ಪಾದದಿಂದ ಮೇಲಕ್ಕೆ ಸಾವಿರ ಸೂಜಿ, ಕಣ್ಣಲ್ಲಿ ನೀರು. ಜೋಮು ಬಿಡುವಾಗ ಇಷ್ಟು ನೋಯುತ್ತದೆಂಬುದು ನನಗೆ ಮರೆತೇ ಹೋಗಿತ್ತು.