ಬಾಗಿಲ ದಿಂಬು

“ಯಾರನ್ನ ಕೇಳಿ ಒಡೆಸಿದೆಯೋ? ನಾನು ಎರಡು ದಿನ ಊರಲ್ಲಿಲ್ಲ ಅಂದ್ರೆ ಮನೆಗೇ ಸುತ್ತಿಗೆ ಹಾಕ್ಸೋದಾ?”

ದೊಡ್ಡಪ್ಪನ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಆಗಷ್ಟೇ ಸ್ಕೂಲಿಂದ ಬಂದ ಚಿಣ್ಣಿ ಹಾಸಿಗೆಗಳ ರಾಶಿಯ ಹಿಂದೆ ಸರಿದಳು.

“ಇದು ಮನೆ ಅಲ್ಲಣ್ಣ, ಅಂಗಡಿ!” ಅಪ್ಪನೂ ಬಿಡಲಿಲ್ಲ. “ಹತ್ತಿ ಹಾಸಿಗೆ ಆದ್ರೆ ಸುತ್ತಿ ಒಳಗೆ ತರಬಹುದು. ಫೋಮ್ ಹಾಸಿಗೆ ಬಗ್ಗುತ್ತಾ? ಲಾರಿಯವನು ವಾಪಸ್ ತಗೊಂಡು ಹೋದ. ಗಿರಾಕಿಗಳೆಲ್ಲ ಎದುರಿನ ಶೋರೂಮಿಗೆ ಹೋಗ್ತಿದ್ದಾರೆ. ನಾವು ನೊಣ ಹೊಡೀತಾ ಕೂರೋಣ್ವಾ?”

ಮುಂಬಾಗಿಲ ಮೇಲಿದ್ದ ದಪ್ಪ ತೊಲೆ ಈಗ ಇರಲಿಲ್ಲ. ಅಲ್ಲಿ ಹೊಸ ಕಬ್ಬಿಣದ ಚೌಕಟ್ಟು ನಿಂತಿತ್ತು. ಆನೆ ಬೇಕಾದರೂ ನುಗ್ಗಬಹುದು, ಅಷ್ಟು ಎತ್ತರ.

ಹಳೇ ಬಾಗಿಲು ಕುಳ್ಳಗಿದ್ದದ್ದು ಅಜ್ಜನಿಂದ. ಅಜ್ಜ ಕುಳ್ಳ. ಮನೆ ಕಟ್ಟಿಸುವಾಗ ತನ್ನ ತಲೆಯ ಅಳತೆಗೇ ಬಾಗಿಲು ಇಡಿಸಿದ್ದ. ಆಮೇಲೆ ಮದುವೆಯಾಗಿ ಬಂದ ಅಜ್ಜಿಯೋ, ಉದ್ದ! ಮೊದಲ ದಿನವೇ ಹಣೆ ಧಡ್ ಎಂದು ಬಡಿಯಿತು. ಅಜ್ಜಿ ಅಳಲಿಲ್ಲ, ಬೈಯಲಿಲ್ಲ. ಹಳೇ ಬಟ್ಟೆಗೆ ಹತ್ತಿ ತುಂಬಿ, ಪುಟ್ಟ ದಿಂಬು ಹೊಲಿದು, ತೊಲೆಗೆ ಕಟ್ಟಿಬಿಟ್ಟಳು. ನೋಡಿದ ನೆರೆಯವರು ‘ನಮಗೂ ಒಂದು ದಿಂಬು ಹೊಲಿದುಕೊಡಿ’ ಅಂದರು.

ಹಾಗೆ ನಡುಮನೆ ಅಂಗಡಿಯಾಯಿತು. ಒಲೆ ಇದ್ದ ಮೂಲೆಗೆ ಗಲ್ಲಾ ಬಂತು. ಎಷ್ಟು ಸುಣ್ಣ ಬಳಿದರೂ ಅದರ ಹಿಂದಿನ ಗೋಡೆಯಿಂದ ಒಲೆಯ ಮಸಿ ಇಣುಕುತ್ತಲೇ ಇತ್ತು. ತೊಟ್ಟಿಲು ತೂಗುತ್ತಿದ್ದ ಕೊಂಡಿಯಲ್ಲಿ ದಿಂಬಿನ ಗೊಂಚಲು ತೂಗಿತು. ಅಟ್ಟದಲ್ಲಿ ಕೂತು ಹತ್ತಿ ತುಂಬುವುದು ಇವತ್ತಿಗೂ ದೊಡ್ಡಪ್ಪನ ಕೆಲಸ.

“ಅಮ್ಮನ ದಿಂಬು ಎಲ್ಲಿ?” ದೊಡ್ಡಪ್ಪನ ದನಿ ಇಳಿಯಿತು.

ಚಿಣ್ಣಿ ಮೆಲ್ಲಗೆ ಬ್ಯಾಗಿನ ಜಿಪ್ ತೆಗೆದಳು. ಬೆಳಿಗ್ಗೆ ಗಾರೆಯ ಕಸದಲ್ಲಿ ಸಿಕ್ಕಿದ್ದ ದಿಂಬು ಅದರಲ್ಲಿತ್ತು. ಬಂದವರ ತಲೆಯೆಲ್ಲ ತಗುಲಿ ತಗುಲಿ ಎಣ್ಣೆ ಹಿಡಿದು ಕಪ್ಪಾಗಿತ್ತು.

“ಬಾಗಿಲು ಒಡೆಸೋಕೆ ನೀನೂ ಒಪ್ಪಿದ್ಯೇನೇ?” ದೊಡ್ಡಪ್ಪ ಅವಳತ್ತ ತಿರುಗಿದ.

ಒಪ್ಪಿದ್ದೇನು, ಅವಳೇ ಅಪ್ಪನ ತಲೆ ತಿಂದಿದ್ದಳು!

“ಸ್ಕೂಲಲ್ಲಿ ಎಲ್ಲರೂ ನಂಗೆ ಆಮೆ ಅಂತಾರೆ ದೊಡ್ಡಪ್ಪ. ನಿಮ್ಮನ್ನೆಲ್ಲ ನೋಡಿ ನೋಡಿ, ತಲೆ ತಗುಲದಿದ್ರೂ ನಾನು ಬಗ್ತೀನಿ. ಕ್ಲಾಸಿನ ಬಾಗಿಲಲ್ಲೂ ಬಗ್ತೀನಿ. ಈ ಬಾಗಿಲು ದೊಡ್ಡದಾದ್ರೆ ಅಭ್ಯಾಸ ಬಿಟ್ಟುಹೋಗುತ್ತೆ ಅಂತ ನಾನೇ…”

ದೊಡ್ಡಪ್ಪನ ಮೀಸೆಯಡಿ ನಗು ಬಂದು ಹೋಯಿತು.

“ನನ್ನನ್ನೂ ಆಮೆ ಅಂತಿದ್ರು ಕಣೆ. ನಿಮ್ಮಪ್ಪನ್ನ ಮರಿ ಆಮೆ ಅಂತಿದ್ರು. ಕೇಳು ಬೇಕಾದ್ರೆ.”

ಅಪ್ಪ ನಗಲಿಲ್ಲ. “ಹಳೇ ಕತೆ ಹೊಟ್ಟೆ ತುಂಬ್ಸಲ್ಲಣ್ಣ. ಫೋಮ್ ಬಂದ್ಮೇಲೆ ನಿನ್ನ ಹತ್ತಿ ಯಾರಿಗೆ ಬೇಕು?”

ಅಂದವನೇ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಬಾಯಿ ದಾಟಿಯಾಗಿತ್ತು.

ದೊಡ್ಡಪ್ಪ ಅಟ್ಟಕ್ಕೆ ಹತ್ತಿದ. ಹಾಸಿಗೆ ಹೊಲಿಯುವ ತನ್ನ ದಬ್ಬಣವನ್ನು ಜೇಬಿಗೆ ಸಿಕ್ಕಿಸಿಕೊಂಡು ಇಳಿದು ಬಂದ.

“ಹಂಗಾದ್ರೆ ನನಗೇನು ಕೆಲಸ ಇಲ್ಲಿ?” ಎಂದು ಚಪ್ಪಲಿ ಮೆಟ್ಟಿದ.

ಹೊಸ ಬಾಗಿಲ ಹತ್ತಿರ ಬಂದಾಗ ತಲೆ ಬಗ್ಗಿಸಿದ. ಮೇಲೆ ಬರೀ ಗಾಳಿ. ಅವನ ನೆತ್ತಿಗೂ ಕಬ್ಬಿಣಕ್ಕೂ ನಡುವೆ ಒಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುವಷ್ಟು ಜಾಗವಿತ್ತು. ಆದರೂ ಬಗ್ಗಿಯೇ ದಾಟಿದ.

ಚಿಣ್ಣಿಗೆ ನಗು ಬರಲಿಲ್ಲ.

“ಕೋಪ ಇಳಿದ್ಮೇಲೆ ನಾಳೆ ಬರ್ತಾನೆ ಬಿಡು,” ಅಂದ ಅಪ್ಪ, ಅಂಗಡಿ ಮುಚ್ಚುವಾಗ. ಹೊರಗೆ ಕಾಲಿಡುತ್ತಾ ಅವನ ತಲೆಯೂ ತಗ್ಗಿತು. ಅದು ಅವನಿಗೆ ಗೊತ್ತೇ ಆಗಲಿಲ್ಲ.

ಮರುದಿನ ದೊಡ್ಡಪ್ಪ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಟ್ಟದಲ್ಲಿ ಅರ್ಧ ತುಂಬಿದ ಹಾಸಿಗೆ ಬಾಯಿ ತೆರೆದುಕೊಂಡೇ ಬಿದ್ದಿತ್ತು.

ಕ್ಲಾಸಿನ ಬಾಗಿಲಲ್ಲಿ ಹುಡುಗರು “ಬಂತು, ಆಮೆ ಬಂತು!” ಎಂದು ಕೂಗಿದರು. ಚಿಣ್ಣಿ ದಿನವೂ ಥಟ್ಟನೆ ಕತ್ತು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಇವತ್ತು ಮಾಡಿಕೊಳ್ಳಲಿಲ್ಲ. ಬ್ಯಾಗಿನಲ್ಲಿದ್ದ ದಿಂಬನ್ನು ಒಮ್ಮೆ ಮುಟ್ಟಿ ನೋಡಿ, ದೊಡ್ಡಪ್ಪನ ಹಾಗೇ ನಿಧಾನವಾಗಿ ಬಗ್ಗಿ ಒಳಗೆ ಹೋದಳು.