ಅಮ್ಮಿಯ ಗೊಬ್ಬರ

ಲ್ಯಾಬಿನ ಗೊಬ್ಬರದ ಡ್ರಮ್ ಖಾಲಿ. ತಳದಲ್ಲಿ ಮೊಟ್ಟೆಚಿಪ್ಪಿನ ಒಂದು ಚೂರು ಮಾತ್ರ ಉಳಿದಿತ್ತು.

ನ್ಯೂಜೆರ್ಸಿಯ ಆ ವಿಶ್ವವಿದ್ಯಾಲಯದ ಸೆಕ್ಯುರಿಟಿ ಆಫೀಸರ್ ರಕ್ಷಾ ಸೈಕಲ್ ಕಳ್ಳರನ್ನು ಕಂಡಿದ್ದಳು, ಲ್ಯಾಪ್‌ಟಾಪ್ ಕಳ್ಳರನ್ನು ಕಂಡಿದ್ದಳು. ಗೊಬ್ಬರದ ಕಳ್ಳ ಇದೇ ಮೊದಲು.

"ನಗಬೇಡ ರಕ್ಷಾ," ಎಂದಳು ಸಂಶೋಧಕಿ ನಬೀಲಾ. "ಇದನ್ನ ಫರ್ನೇಸಲ್ಲಿ ಸುಟ್ಟು ಕರಿ ಪುಡಿ ಮಾಡ್ತೀವಿ. ಕ್ಯಾಟಲಿಸ್ಟ್. ಕಾರ್ಖಾನೆ ನೀರಿನ ಬಣ್ಣನೆಲ್ಲ ಒಡೆದು ಹಾಕುತ್ತೆ, ತಾನು ಮಾತ್ರ ಖರ್ಚಾಗಲ್ಲ. ನಾಳೆ ಡೆಮೋ. ನೀರು ತಿಳಿಯಾಗದಿದ್ರೆ ಪ್ರಾಜೆಕ್ಟ್ ಕ್ಲೋಸ್."

ಮೂಲೆಯಲ್ಲಿ ಕ್ಯಾಂಟೀನ್ ಗೊಬ್ಬರದ ಚೀಲಗಳಿದ್ದವು. "ಅದಾಗಲ್ವಾ?"

"ಟ್ರೈ ಮಾಡಿದೀನಿ, ಆಗಲ್ಲ. ಇದು ಅಮ್ಮಿ ಮಾಡಿದ್ದು. ಕಬ್ಬಿಣದ ಕಾವಲಿ ಉಜ್ಜಿದ ನೀರನ್ನೆಲ್ಲ ಇದಕ್ಕೇ ಸುರೀತಿದ್ರು. ಆ ಕಬ್ಬಿಣದಿಂದಲೇ ಪುಡಿಗೆ ಶಕ್ತಿ."

ನಬೀಲಾಳ ತಾಯಿ ರಹಮತ್ ಬೀ ಕಳೆದ ಚಳಿಗಾಲ ಮೈಸೂರಿಗೆ ಹೋಗಿದ್ದಾಗ ತೀರಿಕೊಂಡಿದ್ದರು. ಇಲ್ಲಿ ಸ್ನೋ ಸ್ಟಾರ್ಮ್. ಫ್ಲೈಟುಗಳೆಲ್ಲ ಕ್ಯಾನ್ಸಲ್. ದಫನ್, ಮಣ್ಣು ಮಾಡುವ ಕಾರ್ಯ, ಯಾರಿಗಾಗಿಯೂ ಕಾಯಲಿಲ್ಲ.

ಬೀಗ ಮುರಿದಿರಲಿಲ್ಲ.

"ಕೀ ಯಾರ ಹತ್ರ ಇರುತ್ತೆ?"

"ನಂದೊಂದು, ನನ್ನ ಜೊತೆ ಕೆಲಸ ಮಾಡೋ ಅತುಲ್‌ದೊಂದು. ನಿನ್ನೆ ನಾನು ಮ್ಯಾನ್‌ಹಟನ್‌ಗೆ ಹೋಗಿದ್ದೆ. ನನ್ನ ಕೀ ಮನೇಲೇ ಇತ್ತು."

ರಕ್ಷಾ ಕುಕ್ಕರಗಾಲಲ್ಲಿ ಕೂತಳು. ಚೆಲ್ಲಿದ ಗೊಬ್ಬರದ ಮೇಲೆ ಹೆಜ್ಜೆಗಳಿದ್ದವು. ಐದು ಬೆರಳೂ ಸ್ಪಷ್ಟ. ಬರಿಗಾಲು.

* * *

"ಕೆಲಸ ಬಿಟ್ಟು ಬಾಸ್ಕಿಂಗ್ ರಿಡ್ಜ್‌ನ ಕಂಪನಿಗೆ ಹೋಗ್ತಿದೀರಂತೆ. ಬರಿಗೈಲಿ ಹೋಗೋಕೆ ಮನಸ್ಸು ಬರಲಿಲ್ವಾ?" ರಕ್ಷಾ ಕೇಳಿದಳು.

ನಬೀಲಾಳ ಸಹೋದ್ಯೋಗಿ ಅತುಲ್ ಸಿಡಿದ. "ಕದಿಯೋನು ಸ್ಯಾಂಪಲ್ ಪುಡಿ ಕದೀತಿದ್ದೆ. ಅದು ಟೇಬಲ್ ಮೇಲೇ ಇದೆಯಲ್ಲ, ಡೆಮೋಗೆ ಸಾಲದಿದ್ರೂ ಕಾಪಿ ಮಾಡೋಕೆ ಸಾಕು! ಜೇಬಲ್ಲಿ ಹಾಕ್ಕೊಂಡು ಹೋಗಬಹುದು. ಕಸ ಯಾಕೆ ಹೊರಲಿ?"

ಮಾತು ಒರಟು, ಲೆಕ್ಕ ಸರಿ.

* * *

ಕೆಂಡಲ್ ಪಾರ್ಕ್ ಬಡಾವಣೆಯ ಮನೆಯಲ್ಲಿ ನಬೀಲಾಳ ತಂದೆ ಸತ್ತಾರ್ ಮಗಳಿಗೂ ರಕ್ಷಾಗೂ ಚಹಾ ಕೊಟ್ಟರು.

"ಅಂಕಲ್, ಗೊಬ್ಬರದ ಚೀಲ ಎಲ್ಲಿಟ್ಟಿದೀರಿ?" ರಕ್ಷಾ ಕೇಳಿದಳು.

ಅವರು ಗ್ಯಾರೇಜಿನ ಬಾಗಿಲ ಕಡೆ ನೋಡಿದರು.

"ಅಬ್ಬಾನಾ?" ನಬೀಲಾ ಎದ್ದು ನಿಂತಳು.

"ಕೀ ಈ ಮನೇಲಿತ್ತು," ಎಂದಳು ರಕ್ಷಾ. "ಬಂದವರು ಪುಡಿ ಮುಟ್ಟಿಲ್ಲ, ಕ್ಯಾಂಟೀನ್ ಗೊಬ್ಬರನೂ ಮುಟ್ಟಿಲ್ಲ. ಅವರಿಗೆ ನಿನ್ನ ಸೈನ್ಸ್ ಬೇಕಿರಲಿಲ್ಲ, ಅಮ್ಮಿ ಕೈಯಾಡಿಸಿದ್ದು ಬೇಕಿತ್ತು. ಲ್ಯಾಬಲ್ಲಿ ಶೂ ಬಿಚ್ಚೋದು ರೂಲ್ಸಿಗೇ ವಿರುದ್ಧ. ಇವರು ಬಿಚ್ಚಿಟ್ಟು ಬಂದಿದಾರೆ, ಗೋರಿ ಹತ್ರ ಹೋಗೋ ಹಾಗೆ."

ಸತ್ತಾರ್ ಕುರ್ಚಿಯಲ್ಲಿ ಕೂತರು. "ಮೂರು ಹಿಡಿ ಮಣ್ಣು ಹಾಕೋಕಾಗ್ಲಿಲ್ಲಮ್ಮ ಅವಳಿಗೆ. ದಫನ್ ಫೋನಲ್ಲೇ ನೋಡ್ದೆ. ಅವಳ ಕೈ ತಾಗಿದ ಮಣ್ಣು ಇದೊಂದೇ. ಸುಡ್ತೀನಿ ಅಂದ್ಲು ಇವಳು. ನಮ್ಮಲ್ಲಿ ಸುಡಲ್ಲಮ್ಮ."

ಸುಡುವ ಮಾತು ಅಬ್ಬಾಗೆ ಹೇಗೆ ಕೇಳಿಸಿತೆಂದು ನಬೀಲಾಗೆ ಈಗ ತಿಳಿಯಿತು. ದುಃಖ ಉಕ್ಕಿ ಬಂತು. ಅವರ ಕಾಲ ಬಳಿ ಕೂತಳು.

"ಸುಟ್ಟರೂ ಹೋಗಲ್ಲ ಅಬ್ಬಾ. ನೀರು ತಿಳಿಯಾದ ಮೇಲೂ ಪುಡಿ ಹಾಗೇ ಇರುತ್ತೆ. ಸೋಸಿ ತೆಗೆದು ಮತ್ತೆ ಹಾಕಬಹುದು."

ಸತ್ತಾರ್ ಎದ್ದರು. ಗ್ಯಾರೇಜಿನಿಂದ ಗೊಬ್ಬರ ತುಂಬಿದ ಬಾಸ್ಮತಿ ಅಕ್ಕಿ ಚೀಲಗಳನ್ನು ತಂದರು. ರಹಮತ್ ಬೀ ನೆಟ್ಟಿದ್ದ ಪುದೀನದ ಬುಡಕ್ಕೆ ಮೂರು ಹಿಡಿ ಹಾಕಿದರು. ಉಳಿದದ್ದನ್ನು ತಾವೇ ಕಾರಿಗೆ ಹೊತ್ತರು.

* * *

ಮರುದಿನ ಗಾಜಿನ ತೊಟ್ಟಿಯ ಕಡುಗೆಂಪು ನೀರು ಮೆಲ್ಲಗೆ ತಿಳಿಯಾಯಿತು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಸತ್ತಾರ್ ಮಾತ್ರ ಗಾಜಿಗೆ ಹಣೆ ತಾಗಿಸಿ ನಿಂತಿದ್ದರು. ಅವರ ಶೂ ಬಾಗಿಲ ಹೊರಗಿತ್ತು. ರಕ್ಷಾ ರೂಲ್ಸ್ ನೆನಪಿಸಲಿಲ್ಲ.

"ಬೇಟಿ," ಎಂದರು ಅವರು, "ಸೋಸಿ ತೆಗಿ. ಇನ್ನೊಂದು ಸಲ ಹಾಕು. ನೋಡ್ತೀನಿ."