ಲೈಬ್ರರಿ ಹಿತ್ತಲಿನ ಏಳು ಗುಂಡಿ

ಬೆಳಿಗ್ಗೆ ನೋಡಿದರೆ ಲೈಬ್ರರಿಯ ಹಿತ್ತಲಲ್ಲಿ ಏಳು ಗುಂಡಿ. ಹಿಂದಿನ ಸಂಜೆ ಅಲ್ಲಿ ಏಳು ಗಿಡಗಳಿದ್ದವು. ಆಳೆತ್ತರ, ಬಿಳಿ ಹೂಗೊಂಚಲು. ಮೇಕೆಯ ಗಡ್ಡದಂತೆ ಜೋಲುತ್ತವೆಂದು ಮಾಲಿ ಅವಕ್ಕೆ ಗಡ್ಡದ ಗಿಡ ಎನ್ನುತ್ತಿದ್ದ. ಬಿಸಿಲೇ ಬೀಳದ ಗೋಡೆ ಬುಡದಲ್ಲಿ ಬೀಜ ಬಿತ್ತಿ ಐದು ವರ್ಷ ಕಾದಿದ್ದ. ಹೂ ಬಿಟ್ಟಿದ್ದು ಇದೇ ಮೊದಲು.

ಈಗ ಅವನನ್ನೇ ಓದುವ ಕೋಣೆಯ ನಡುವೆ ನಿಲ್ಲಿಸಿದ್ದರು.

"ಇವನೇ ಮಾರ್ಕೊಂಡಿದಾನೆ," ಎಂದು ಲೈಬ್ರರಿ ಕಾರ್ಯದರ್ಶಿ ಇಪ್ಪತ್ತು ಜನರೆದುರು ಕೂಗಾಡಿದ. "ಹಿತ್ತಲ ಕೀಲಿ ಇರೋದು ಇವನ ಹತ್ರ. ಕಳ್ಳ! ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

ದೂರು ಬಂದು ವಿಚಾರಣೆಗೆ ಬಂದಿದ್ದ ಇನ್ಸ್‌ಪೆಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಕೀಲಿ ಕೊಡುವವರೂ ಇವರೇ, ಕೀಲಿ ಇದೆಯೆಂದು ಕಳ್ಳನೆನ್ನುವವರೂ ಇವರೇ.

"ಕಳ್ಳ ಯಾರು ಅಂತ ನಾನು ಹೇಳ್ತೀನಿ. ನೀವು ಸ್ವಲ್ಪ ಬಾಯಿ ಮುಚ್ಚಿ."

*

ಮೊದಲು ಎದುರಿನ ನರ್ಸರಿಯವನನ್ನು ಹಿಡಿದಳು. ಆ ಗಿಡ ಕೊಡೆಂದು ಮೂರು ಸಲ ಮಾಲಿಯ ಬೆನ್ನು ಬಿದ್ದವನು.

"ಬೇಕಿತ್ತು, ನಿಜ. ಆದ್ರೆ ಹೂ ಬಿಟ್ಟಾಗ ಯಾರಾದ್ರೂ ಕೀಳ್ತಾರಾ ಮೇಡಂ? ಎರಡೇ ದಿನಕ್ಕೆ ಬಾಡುತ್ತೆ. ಎಲೆ ಒಣಗಿದ ಮೇಲೆ ಬೇರು ಕೇಳೋಣ ಅಂತಿದ್ದೆ."

ಹಾಗಾದರೆ ಕಿತ್ತವನಿಗೆ ಬೇಕಾದದ್ದು ಗಿಡವಲ್ಲ, ಹೂವು. ಅದೂ ಈಗಲೇ.

"ಇಲ್ಲಿ ಹೂವಿನ ಸ್ಪರ್ಧೆ ಏನಾದ್ರೂ ಇದೆಯಾ?"

"ನಾಳೆ ಕೈತೋಟದ ಸ್ಪರ್ಧೆ. ತೀರ್ಪುಗಾರರು ಮನೆಮನೆಗೇ ಬರ್ತಾರೆ. ಲೈಬ್ರರಿ ಕಾರ್ಯದರ್ಶಿಗಳೂ ಹೆಸರು ಕೊಟ್ಟಿದಾರೆ."

*

ಕಾರ್ಯದರ್ಶಿಯ ಮನೆಯಂಗಳದಲ್ಲಿ, ಗೋಡೆ ಬದಿಗೆ, ಏಳು ಗಡ್ಡದ ಗಿಡ! ಜೊತೆಗೆ ಬಂದಿದ್ದ ಮಾಲಿ ಮುಷ್ಟಿ ಬಿಗಿದ.

"ಅಯ್ಯೋ, ಇವು ಬೇರೆ!" ಎಂದ ಕಾರ್ಯದರ್ಶಿ. " ಬೀಜ ಇವನೇ ಕೊಟ್ಟಿದ್ದ. ಐದು ವರ್ಷದಿಂದ ಇಲ್ಲೇ ಇವೆ."

"ಗಿಡ ಯಾವ ಕಡೆ ವಾಲುತ್ತೆ ಸ್ವಾಮಿ?" ಎಂದಳು ಇನ್ಸ್‌ಪೆಕ್ಟರಮ್ಮ.

"ಬೆಳಕಿನ ಕಡೆ. ಮಕ್ಕಳಿಗೂ ಗೊತ್ತು."

"ನಿಮ್ಮವು ಯಾಕೆ ಗೋಡೆಗೆ ತಲೆ ಚಚ್ಕೊಳ್ತಿವೆ?"

ಏಳಕ್ಕೆ ಏಳೂ ಬೀದಿ ಕಡೆಯಿಂದ ಬರುವ ಬೆಳಕಿಗೆ ಬೆನ್ನು ಹಾಕಿದ್ದವು.

"ಲೈಬ್ರರಿ ಗೋಡೆ ಬುಡದಲ್ಲಿ ಇವು ಬೆಳಕಿಗೆ ಅಂತ ಹೊರಗೆ ವಾಲಿದ್ವು. ಹಸಿ ಮಣ್ಣಲ್ಲಿ ಬೀಳದೆ ಇರ್ಲಿ ಅಂತ ನೀವು ಗೋಡೆಗೆ ಒರಗಿಸಿ ನೆಟ್ರಿ. ಎಲ್ಲ ಉಲ್ಟಾ ಆಯ್ತು. ಇವರಿಗೆ ಹಿತ್ತಲ ಕೀಲಿ ಕೊಟ್ಟೋರು ನೀವೇ, ಇನ್ನೊಂದು ನಿಮ್ಮ ಹತ್ರಾನೇ ಇದೆ. ನಾಳೆಗೆ ಹೂ ಬೇಕಾಗಿದ್ದೂ ನಿಮಗೇ. ಅದಕ್ಕೇ ಇವರ ಮೇಲೆ ಗೂಬೆ ಕೂರಿಸಿದ್ರಿ!"

ಕಾರ್ಯದರ್ಶಿ ಕೈ ಮುಗಿದ. "ಒಂದು ಬಹುಮಾನದ ಆಸೆ... ಹೋಗ್ಲಿ ಬಿಡಿ, ಇವನ ಕೆಲಸ ಇವನಿಗಿರುತ್ತೆ."

"ಹೋಗ್ಲಿ ಬಿಡೋದಾ?" ಮಾಲಿ ಅವನಿಗೆ ಎದುರಾಗಿ ಬಂದು ನಿಂತ. "ಅಷ್ಟು ಜನರೆದುರು ಕಳ್ಳ ಅಂದ್ರಲ್ಲ! ಅಲ್ಲೇ ಬಂದು ನಿಂತು ಹೇಳಿ."

*

ಠಾಣೆಗೆ ಹೋಗುವ ಮೊದಲು ಜೀಪು ಲೈಬ್ರರಿ ಮುಂದೆ ನಿಂತಿತು. ಓದುವವರೆಲ್ಲ ತಲೆ ಎತ್ತಿದರು. ಕಾರ್ಯದರ್ಶಿ ನೆಲ ನೋಡುತ್ತ ಗೊಣಗಿದ.

"ಗಿಡ ಕದ್ದಿದ್ದು ನಾನು."

"ಕೇಳಿಸ್ಲಿಲ್ಲ," ಎಂದ ಮಾಲಿ.